ಚೀಲದಲ್ಲಿ ಎರಡು ತೂಕದ ಕಲ್ಲು

ಇವತ್ತು ಮನೆ ರಿಪೇರಿಯಿಂದ ಶುರು ಮಾಡೋಣ. ನಗಬೇಡಿ! ಆರಾಧನೆಯಲ್ಲಿ ಕೈ ಎತ್ತಿ ನಿಂತಾಗ ನಾವೆಲ್ಲರೂ ಸಾಧುಗಳೇ. ಮರಳಿನ ಲೋಡ್ ಬಂದಾಗ ಯಾರು ಏನು ಅಂತ ಗೊತ್ತಾಗುತ್ತೆ.

ನಮ್ಮ ಬೆಂಗಳೂರು ನಿಮಗೆ ಗೊತ್ತೇ ಇದೆ. ಹಗಲಿನ ದಟ್ಟಣೆ ಹೊತ್ತಲ್ಲಿ ದೊಡ್ಡ ಲಾರಿಗಳನ್ನ ಊರೊಳಗೆ ಬಿಡಲ್ಲ. ಬೆಳಗ್ಗೆ ಬರ್ತೀವಿ ಅಂದ ಎಂ-ಸ್ಯಾಂಡ್ ರಾತ್ರಿ 11ಕ್ಕೆ ಬರುತ್ತೆ. ಕ್ರಾಸ್‌ನಲ್ಲಿ ಟಿಪ್ಪರ್ ತಿರುಗಲ್ಲ, ಪಕ್ಕದ ಮನೆ ಗೇಟಿನ ಮುಂದೆ ಸುರಿದು ಹೋಗ್ತಾರೆ. ಟೈಲ್ಸ್ ಬಾಕ್ಸ್ ತೆಗೆದರೆ ಕೆಲವು ಒಡೆದಿವೆ, ಉಳಿದವು ಬೇರೆ ಬ್ಯಾಚ್, ಬಣ್ಣ ಹೊಂದಲ್ಲ. ಮೇಸ್ತ್ರಿ ಸುಮ್ಮನೆ ಕೂತಿದ್ದರೂ ಕೂಲಿ ಕೊಡಲೇಬೇಕು. ಆಗ ವಿಶ್ವಾಸಿ ಏನು ಮಾಡಬೇಕು? ‘ದೇವರ ಮಕ್ಕಳು ಸಹಿಸಬೇಕು’ ಅಂತ ಸುಮ್ಮನಿರೋದಾ? ಡ್ರೈವರ್ ಮೇಲೆ ಕೂಗಾಡೋದಾ?

ಎರಡೂ ಸುಲಭ. ಸುಮ್ಮನಿದ್ದರೆ ಅದೇ ತಪ್ಪು ನಾಳೆ ಇನ್ನೊಬ್ಬರ ಮನೆಗೆ ಹೋಗುತ್ತೆ. ಕೂಗಾಡಿದರೆ ಏಟು ತಿನ್ನೋನು ಬೇರೆಯವನು. ಗೇಟಿನ ಹತ್ತಿರ ನಿಂತವನು ಟೈಲ್ಸ್ ಪ್ಯಾಕ್ ಮಾಡಿಲ್ಲ, ಲಾರಿ ಟೈಮ್ ಇಟ್ಟವನೂ ಅವನಲ್ಲ. 50 ಕೆ.ಜಿ. ಸಿಮೆಂಟ್ ಮೂಟೆ ಹೊತ್ತು ಲಿಫ್ಟ್ ಇಲ್ಲದ ಮೂರನೇ ಮಹಡಿ ಹತ್ತಬೇಕಾದವನು ಅವನು.

ಧರ್ಮೋಪದೇಶಕಾಂಡ 25ನೆಯ ಅಧ್ಯಾಯದಲ್ಲಿ ಒಂದು ಆಜ್ಞೆ ಇದೆ: ಚೀಲದಲ್ಲಿ ಹೆಚ್ಚು ಕಡಿಮೆಯ ಎರಡು ಥರದ ತೂಕದ ಕಲ್ಲು ಇಟ್ಟುಕೊಳ್ಳಬಾರದು. ಇದು ವ್ಯಾಪಾರಿಗೆ ಹೇಳಿದ್ದು, ನಮಗಲ್ಲ ಅಂದುಕೊಳ್ತೀವಿ. ಆದರೆ ಕೊಳ್ಳೋವಾಗ ಒಂದು ಕಲ್ಲು, ಕೊಡೋವಾಗ ಇನ್ನೊಂದು ಕಲ್ಲು ನಮ್ಮ ಚೀಲದಲ್ಲೂ ಇರುತ್ತೆ.

ಹಾಗಾದರೆ ಮೊದಲು ಅಳೆಯಿರಿ, ಆಮೇಲೆ ಮಾತಾಡಿ. ಮರಳು ಕಡಿಮೆ ಅನಿಸಿದ ತಕ್ಷಣ ‘ಮೋಸ’ ಅಂತೀವಿ. ತೇವ ಇರೋ ಮರಳು ಉಬ್ಬುತ್ತೆ, ಒಮ್ಮೊಮ್ಮೆ ಶೇ. 20ರಿಂದ 30ರಷ್ಟು. ಲಾರಿಯಲ್ಲಿ ಘನ ಅಡಿ ಲೆಕ್ಕದಲ್ಲಿ ಸರಿಯಾಗಿದ್ದದ್ದು ಒಣಗಿದಾಗ ಕಡಿಮೆ ಕಾಣುತ್ತೆ. ಒಂದು ಡಬ್ಬದಲ್ಲಿ ಮರಳು ಸಡಿಲವಾಗಿ ತುಂಬಿ, ಎತ್ತರ ಗುರುತು ಹಾಕಿ, ನೀರಲ್ಲಿ ಪೂರ್ತಿ ಮುಳುಗಿಸಿ ಕಲಕಿ ನೋಡಿ. ಎಷ್ಟು ಇಳಿಯುತ್ತೋ ಅಷ್ಟು ಉಬ್ಬಿತ್ತು. ಅದನ್ನ ಇಟ್ಟುಕೊಂಡು ಮಾಲೀಕನ ಹತ್ತಿರ ಲೆಕ್ಕ ಕೇಳಿ. ಟೈಲ್ಸ್ ಎಣಿಸಿ, ಒಡೆದದ್ದನ್ನ ಚಲನ್ ಮೇಲೆ ಬರೆದು, ಆಮೇಲೆ ಸಹಿ ಹಾಕಿ. ಅಂಗಡಿಗೆ ಫೋನ್ ಮಾಡಿ, ಶಾಂತವಾಗಿ, ಆದರೆ ಸ್ಪಷ್ಟವಾಗಿ ಹೇಳಿ. ನ್ಯಾಯ ಕೇಳೋದು ಪಾಪವಲ್ಲ.

ಹೊತ್ತು ತಂದವರಿಗೆ ನೀರು ಕೊಡಿ. ಇಳಿಸಿದ ಕೂಲಿಯನ್ನ ಅವರು ಹೊರಡೋ ಮುಂಚೆ ಕೊಡಿ. ಸೂರ್ಯ ಮುಳುಗೋ ಮೊದಲು ಕೂಲಿ ಕೊಡಬೇಕು ಅನ್ನೋ ಆಜ್ಞೆ ಅದರ ಹಿಂದಿನ ಅಧ್ಯಾಯದಲ್ಲೇ ಇದೆ. ಪಕ್ಕದ ಮನೆಯ ಆಂಟಿ ಹತ್ತಿರ ನೀವೇ ಹೋಗಿ ಕ್ಷಮೆ ಕೇಳಿ. ಸುರಿದವನು ಡ್ರೈವರ್ ಆದರೂ ಮರಳು ನಿಮ್ಮದು ತಾನೇ?

ಈಗ ಕಷ್ಟದ ಪ್ರಶ್ನೆ. ಬಿಲ್‌ನಲ್ಲಿ 22 ಬಾಕ್ಸ್, ಬಂದದ್ದು 23. ಆಗ ಫೋನ್ ಮಾಡ್ತೀರಾ? 21 ಬಂದಾಗ ಎಷ್ಟು ಬೇಗ ಮಾಡಿದ್ರಿ, ಅಷ್ಟೇ ಬೇಗ? ‘ದೇವರು ಕೊಟ್ಟ ಆಶೀರ್ವಾದ’ ಅಂತ ದಯವಿಟ್ಟು ಸಾಕ್ಷಿ ಹೇಳಬೇಡಿ. ಗೋಡೌನಲ್ಲಿ ಲೆಕ್ಕ ತಪ್ಪಿ ಬೈಸಿಕೊಳ್ಳೋ ಹುಡುಗನೊಬ್ಬ ಇರ್ತಾನೆ. ಅವನ ನಷ್ಟ ನಮ್ಮ ಆಶೀರ್ವಾದ ಆಗೋಕೆ ಸಾಧ್ಯವಿಲ್ಲ.

ಕಡಿಮೆ ಬಂದಾಗ ಎಣಿಸೋದು ಎಲ್ಲರಿಗೂ ಬರುತ್ತೆ. ಹೆಚ್ಚು ಬಂದಾಗಲೂ ಅಷ್ಟೇ ಶ್ರದ್ಧೆಯಿಂದ ಎಣಿಸೋ ಮನಸ್ಸನ್ನ ಕರ್ತನು ನಮಗೆ ಕೊಡಲಿ. ಆಮೆನ್.