ಎಷ್ಟು ಭಾಷೆ ಬೇಕು?

ಹೊಸ ಪ್ರಾಜೆಕ್ಟ್ ಶುರುವಾಗುವಾಗ ಟೀಮಿನಲ್ಲಿ ಒಂದು ವಾದ ಏಳದೆ ಇರುವುದಿಲ್ಲ. ಒಂದೇ ಭಾಷೆಯ ಫ್ರೇಮ್‌ವರ್ಕ್ ಹಿಡಿಯುವುದೋ, ಹಲವು ಭಾಷೆಗಳಿಗೆ ಜಾಗವಿರುವುದನ್ನು ಹಿಡಿಯುವುದೋ? ಮೀಟಿಂಗ್‌ನಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಜೋರು ದನಿ. ಫೋನು ಇನ್ನೂ ಬಡಿದುಕೊಳ್ಳದ ಈ ಬೆಳಗಿನಲ್ಲಿ ಅದನ್ನೇ ಸಾವಧಾನವಾಗಿ ಯೋಚಿಸಬಹುದು.

1995ರಲ್ಲಿ ಬಂದ ಜಾವಾ ಕೊಟ್ಟ ಭರವಸೆ, ಭಾಷೆ ಒಂದು, ಓಡುವ ಯಂತ್ರ ಯಾವುದಾದರೂ ಸರಿ ಎಂದು. 2002ರಲ್ಲಿ ಮೈಕ್ರೋಸಾಫ್ಟ್ ತಂದ ಡಾಟ್ ನೆಟ್ ಅದನ್ನು ತಿರುವಿಹಾಕಿತು: ಸಿ ಶಾರ್ಪ್‌ನಲ್ಲಾದರೂ ಬರೆಯಿರಿ, ವಿಷುವಲ್ ಬೇಸಿಕ್‌ನಲ್ಲಾದರೂ ಬರೆಯಿರಿ, ಎಲ್ಲ ಒಂದೇ ಮಧ್ಯಂತರ ಕೋಡ್‌ಗೆ ಇಳಿದು ಒಂದೇ ರನ್‌ಟೈಮ್‌ನಲ್ಲಿ ಓಡುತ್ತದೆ.

ಕೇಳಲು ಉದಾರವಾಗಿದೆ. ಆದರೆ ಹತ್ತಿರದಿಂದ ನೋಡಿ. ಸಿ ಶಾರ್ಪ್‌ನಲ್ಲಿ ‘ಟೋಟಲ್’ ಎಂಬ ಹೆಸರನ್ನು ಚಿಕ್ಕ ‘ಟಿ’ಯಿಂದ ಬರೆದರೆ ಒಂದು, ದೊಡ್ಡ ‘ಟಿ’ಯಿಂದ ಬರೆದರೆ ಇನ್ನೊಂದು. ವಿಷುವಲ್ ಬೇಸಿಕ್‌ನ ಕಣ್ಣಿಗೆ ಎರಡೂ ಒಂದೇ. ಒಬ್ಬರು ಬರೆದ ಲೈಬ್ರರಿ ಇನ್ನೊಬ್ಬರ ಕೈಯಲ್ಲಿ ಸಿಕ್ಕಿಬೀಳಬಾರದೆಂದು ಮೈಕ್ರೋಸಾಫ್ಟ್ ಎಲ್ಲ ಭಾಷೆಗಳಿಗೂ ಹೊಂದುವ ಒಂದು ನಿಯಮಾವಳಿಯನ್ನೇ ಮಾಡಬೇಕಾಯಿತು. ಹೊರಗೆ ಕಾಣುವ ಹೆಸರುಗಳು ಅಕ್ಷರದ ಗಾತ್ರದಲ್ಲಷ್ಟೇ ಬೇರೆಯಾಗಿರಕೂಡದು ಎಂಬುದು ಅದರಲ್ಲೊಂದು. ಹಲವರು ಕೂಡಿ ಬಾಳಬೇಕಾದಲ್ಲಿ ಎಲ್ಲರೂ ಒಂದಿಷ್ಟು ಬಿಟ್ಟುಕೊಡಲೇಬೇಕಲ್ಲ!

ಬಿಟ್ಟುಕೊಟ್ಟ ಮೇಲೂ ಸಮಾನತೆ ಉಳಿಯಲಿಲ್ಲ. ಬರುಬರುತ್ತ ಹೊಸ ಸವಲತ್ತುಗಳು ಹೆಚ್ಚಾಗಿ ಸಿ ಶಾರ್ಪ್ ಕಡೆ ಹರಿದವು. 2020ರಲ್ಲಿ ಮೈಕ್ರೋಸಾಫ್ಟ್, ವಿಷುವಲ್ ಬೇಸಿಕ್ ಅನ್ನು ಭಾಷೆಯಾಗಿ ಇನ್ನು ಬೆಳೆಸುವ ಯೋಜನೆ ಇಲ್ಲವೆಂದು ಹೇಳಿತು. ಹಳೆಯ ಕೋಡ್ ಓಡುತ್ತದೆ, ಅಷ್ಟೇ.

ಇತ್ತ ಜಾವಾದ ಮನೆಗೂ, ಅಂದರೆ ಅದರ ರನ್‌ಟೈಮ್‌ಗೂ, ಬೇರೆ ಭಾಷೆಗಳು ನೆಂಟರಾಗಿ ಬಂದವು: ಸ್ಕಾಲಾ, ಕ್ಲೋಜರ್, ಆಮೇಲೆ ಕಾಟ್ಲಿನ್. 2019ರಲ್ಲಿ ಗೂಗಲ್ ಆಂಡ್ರಾಯ್ಡ್‌ಗೆ ಕಾಟ್ಲಿನ್ನೇ ಮೊದಲು ಎಂದಿತು. ಕಾಟ್ಲಿನ್‌ನ ಹೆಮ್ಮೆ, ಖಾಲಿ ಇರಬಹುದಾದ ಮೌಲ್ಯವನ್ನು ಕಂಪೈಲರ್ ಮೊದಲೇ ಹಿಡಿಯುತ್ತದೆ ಎಂಬುದು. ಆದರೆ ಸುಳಿವು ಬರೆದಿಡದ ಹಳೆಯ ಜಾವಾ ಕೋಡ್‌ನಿಂದ ಬಂದ ಮೌಲ್ಯ ಖಾಲಿಯೋ ಅಲ್ಲವೋ ಅದಕ್ಕೂ ಗೊತ್ತಾಗುವುದಿಲ್ಲ. ಎರಡು ಭಾಷೆ ಕೂಡುವ ಆ ಜಾಗದಲ್ಲೇ ಆ್ಯಪ್ ಕುಸಿಯಬಹುದು.

ಹಾಗೆಂದು ಒಂದೇ ಭಾಷೆ ಎನ್ನುವುದೂ ಪೂರ್ತಿ ನಿಜವಲ್ಲ. ರೂಬಿಯ ರೈಲ್ಸ್ ಹಿಡಿದವರಿಗೂ, ಪೈಥಾನ್‌ನ ಜ್ಯಾಂಗೋ ಹಿಡಿದವರಿಗೂ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಎದುರಾಗುತ್ತದೆ, ಡೇಟಾಬೇಸ್ ಮುಟ್ಟಿದರೆ ಎಸ್‌ಕ್ಯೂಎಲ್.

ಈ ವಾದದಲ್ಲಿ ಒಬ್ಬರು ಮಾತ್ರ ಹಾಜರಿರುವುದಿಲ್ಲ, ಮುಂದೆ ಆ ಕೋಡ್ ಓದಬೇಕಾದವರು. ಬೆಂಗಳೂರಿನಲ್ಲಿ ಬರೆದವರು ಕಂಪನಿ ಬದಲಿಸುತ್ತಾರೆ, ಕೋಡ್ ಇದ್ದಲ್ಲೇ ಇರುತ್ತದೆ. ಒಬ್ಬರು ಇಷ್ಟಪಟ್ಟು ಸ್ಕಾಲಾದಲ್ಲಿ ಬರೆದ ಭಾಗವನ್ನು ಜಾವಾ ಮಾತ್ರ ಬಲ್ಲ ಹೊಸಬರು ರಾತ್ರಿ ಹನ್ನೊಂದಕ್ಕೆ ಸರಿಪಡಿಸಬೇಕಾಗುತ್ತದೆ. ಬರೆಯುವವರ ಸ್ವಾತಂತ್ರ್ಯದ ಬಿಲ್ಲು ಹೋಗುವುದು ಓದುವವರ ಹೆಸರಿಗೆ.

ಅದಕ್ಕೇ ನನ್ನ ಒಲವು ಒಂದು ಟೀಮಿಗೆ ಒಂದು ಭಾಷೆಯ ಕಡೆಗೆ. ವೇದಿಕೆ ಹತ್ತು ಭಾಷೆಗೆ ಬಾಗಿಲು ತೆರೆದಿರಲಿ, ಬೇಡವೆನ್ನುವುದಿಲ್ಲ. ಎರಡನೆಯ ಭಾಷೆ ತರಬೇಕೆಂದರೆ, ಮೊದಲನೆಯದರಲ್ಲಿ ಆಗದ ಕೆಲಸ ಯಾವುದು ಎಂದು ಹೆಸರಿಟ್ಟು ಹೇಳಲು ಬರಬೇಕು. ಅದನ್ನು ಓದಬಲ್ಲವರು ಟೀಮಿನಲ್ಲಿ ಇಬ್ಬರಾದರೂ ಇರಬೇಕು. ಇವತ್ತು ಅಂಥ ಮೀಟಿಂಗ್ ಇದ್ದರೆ, ವೇಗದ ಲೆಕ್ಕ ತೆಗೆಯುವ ಮುಂಚೆ ಆ ಇಬ್ಬರು ಯಾರೆಂದು ಕೇಳಿನೋಡಿ.