ಪರದೇಶದ ಬುತ್ತಿ

ಪರದೇಶದ ಪಾಠವೆಂದರೆ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಾಗಿ ಒಂದು ಚಾರ್ಟು. ಬಾವುಟಕ್ಕೆ ಬಣ್ಣ, ರಾಜಧಾನಿಯ ಹೆಸರು, ನಾಣ್ಯದ ಹೆಸರು. ವಾರ್ಷಿಕೋತ್ಸವ ಬಂದರೆ ಬಾಡಿಗೆಗೆ ತಂದ ಟೋಪಿ. ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಚಾರ್ಟು ಗೋಡೆಯಿಂದ ಇಳಿದ ದಿನ ಆ ದೇಶವೂ ಮನಸ್ಸಿನಿಂದ ಇಳಿದುಹೋಗುತ್ತದೆ.

ಕೋಲಾರ ಚಿನ್ನದ ಗಣಿಯ ಉರಿಗಾಂನ ಮಗು ಪರದೇಶ ಹುಡುಕಿ ಅಷ್ಟು ದೂರ ಹೋಗಬೇಕಿಲ್ಲ. ಅದು ರೈಲಿನಲ್ಲಿ ಹಾದುಹೋಗುವ ಬಂಗಾರಪೇಟೆ ಒಂದು ಕಾಲಕ್ಕೆ ಮೈಸೂರಿನ ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ. ಬಟ್ಟೆ ಕೊಳ್ಳಲು ಹೋಗುವ ರಾಬರ್ಟ್‌ಸನ್‌ಪೇಟೆಗೆ ಹೆಸರು ಬಂದದ್ದು ಒಬ್ಬ ಬ್ರಿಟಿಷ್ ರೆಸಿಡೆಂಟ್‌ನಿಂದ. ಪರದೇಶ ಇಲ್ಲಿ ಪೇಟೆಯ ದಾರಿಯಲ್ಲೇ ಸಿಗುತ್ತದೆ.

1880ರ ದಶಕದಲ್ಲಿ ಇಲ್ಲಿನ ಗಣಿಗಳು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತಕ್ಕೆ ಬಂದವು. ಆಗ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಿಂದ ಗಣಿಗಾರರೂ ಬಂದರು. ತವರ, ತಾಮ್ರ ಅಗೆದು ಪಳಗಿದ ಕೈಗಳು ಅವು. ಲೋಕದ ಯಾವ ಗುಂಡಿಯಲ್ಲಿ ಇಣುಕಿದರೂ ತಳದಲ್ಲಿ ಒಬ್ಬ ಕಾರ್ನ್‌ವಾಲಿನವನು ಸಿಗುತ್ತಾನೆ ಎಂಬುದು ಆ ಕಡೆಯ ಮಾತು. ಅಲ್ಲಿ ಗಣಿಗಿಳಿಯುವವನ ಬುತ್ತಿಯೆಂದರೆ ಪ್ಯಾಸ್ಟಿ: ಹಿಟ್ಟಿನ ಹಾಳೆಯೊಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ, ಅರ್ಧಚಂದ್ರದಂತೆ ಮಡಿಸಿ, ಅಂಚು ಹೆಣೆದು ಒಲೆಯಲ್ಲಿ ಬೇಯಿಸಿದ್ದು.

ಇದರ ಚಿತ್ರವನ್ನು ಉರಿಗಾಂನ ಮೂರನೇ ತರಗತಿಯಲ್ಲಿ ತೋರಿಸಿ ನೋಡಿ. ಕನ್ನಡದ ಮನೆಯ ಮಗು ಕರ್ಜಿಕಾಯಿ ಅನ್ನುತ್ತದೆ, ತೆಲುಗಿನ ಮನೆಯದು ಕಜ್ಜಿಕಾಯ, ತಮಿಳಿನ ಮನೆಯದು ಸೋಮಾಸಿ. ಒಂದೇ ಬೆಂಚಿನಲ್ಲಿ ಮೂರು ಹೆಸರು. "ಇದರೊಳಗೆ ಬೆಲ್ಲ ಇಲ್ಲ ಮಕ್ಕಳೇ, ಇದನ್ನು ಎಣ್ಣೆಯಲ್ಲಿ ಕರಿಯೋದೂ ಇಲ್ಲ" ಎಂದು ಟೀಚರ್ ಹೇಳಿದರೆ, "ಮತ್ತೆ ಏನು ಹಾಕ್ತಾರೆ ಮಿಸ್?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಪಾಠ ಶುರುವಾಗುವುದು ಅಲ್ಲಿಂದ. ಪ್ರಶ್ನೆ ಕೇಳಿ ತಿಳಿದ ದೇಶ ಮಗುವಿಗೆ ಬೇಗ ಮರೆಯುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಬರಬೇಕು: "ಅಲ್ಲಿಂದ ಬಂದ ಗಣಿಗಾರರು ಇಲ್ಲಿ ಎಲ್ಲಿ ಇರ್ತಿದ್ರು?" ದೊರೆಗಳಿಗೆ ಬಂಗಲೆ, ಕ್ಲಬ್ಬು; ತಮಿಳು, ತೆಲುಗು ಸೀಮೆಗಳಿಂದ ಬಂದ ಕೂಲಿಗಾರರಿಗೆ ಸಾಲು ಸಾಲು ಲೈನು ಮನೆಗಳು. ಒಂದೇ ಭೂಮಿಯೊಳಗೆ ಇಳಿದವರು ಮೇಲೆ ಬಂದಾಗ ಬೇರೆಬೇರೆ ಲೋಕಕ್ಕೆ ಹೋಗುತ್ತಿದ್ದರು. ಮಕ್ಕಳಿಗೆ ಇದನ್ನು ಮುಚ್ಚಿಟ್ಟು ಬರೀ ತಿಂಡಿ, ಹಬ್ಬ ಹೇಳಿದರೆ ಅದು ಅರ್ಧ ಪಾಠ. ಇನ್ನೊಂದು ದೇಶದ ಮೇಲೆ ಬೆರಗು ಹುಟ್ಟಲಿ, ಆದರೆ ಆ ಬೆರಗಿಗೆ ಕಣ್ಣೂ ಇರಲಿ.

ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ ಮುಚ್ಚಿದ್ದು 1998ರ ಮಾರ್ಚ್‌ನಲ್ಲಿ. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ನಮ್ಮ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿನ ಗಣಿ ನೆಲಕ್ಕೆ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಇಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ದಿಬ್ಬಗಳು ಗಾಳಿಗೆ ಧೂಳೆಬ್ಬಿಸುತ್ತ ನಿಂತಿವೆ. ಕಾರ್ನ್‌ವಾಲ್‌ನಲ್ಲಿ ಮಾರ್ಚ್ 5 ಗಣಿಗಾರರ ಸಂತ ಪಿರಾನ್‌ನ ದಿನ. ಅಲ್ಲಿನ ಶಾಲಾ ಮಕ್ಕಳು ಕಪ್ಪು ನೆಲದ ಮೇಲೆ ಬಿಳಿ ಶಿಲುಬೆಯ ಬಾವುಟ ಹಿಡಿದು ಮೆರವಣಿಗೆ ಹೋಗುತ್ತಾರೆ.

ಬಾವುಟಕ್ಕೆ ಬಣ್ಣ ಹಚ್ಚಿಸುವುದಾದರೆ ಆ ಬಾವುಟಕ್ಕೇ ಹಚ್ಚಿಸಬಹುದು. ಆ ಹಾಳೆಯ ಹಿಂದೆ ಅಲ್ಲಿನ ಮಕ್ಕಳಿಗೆ ಒಂದು ಸಾಲು ಬರೆಯಿರಿ ಎಂದರೆ ಉರಿಗಾಂನ ಮಗು ಏನು ಬರೆದೀತು? ಅದರ ಅಪ್ಪ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಅದು ಮಲಗಿದ ಮೇಲೆ ಮನೆಗೆ ಬರುವವರಾಗಿದ್ದರೆ, ಬಹುಶಃ ಇಷ್ಟೇ: "ಗಣಿ ಮುಚ್ಚಿದ ಮೇಲೆ ನಿಮ್ಮಪ್ಪ ಎಲ್ಲಿಗೆ ಕೆಲಸಕ್ಕೆ ಹೋಗ್ತಾರೆ?"