ಲಾಂಛನದ ಜ್ವಾಲೆ ಯಾವ ದೇವರದು?

ಅಜರ್‌ಬೈಜಾನಿನ ಧ್ವಜದಲ್ಲಿ ನೀಲಿ, ಕೆಂಪು, ಹಸಿರು ಬಣ್ಣದ ಮೂರು ಅಡ್ಡಪಟ್ಟೆಗಳಿವೆ. ನಡುವಿನ ಕೆಂಪು ಪಟ್ಟೆಯ ಮೇಲೆ ಬಿಳಿಯ ಅರ್ಧಚಂದ್ರ, ಪಕ್ಕದಲ್ಲಿ ಎಂಟು ಮೊನೆಗಳ ನಕ್ಷತ್ರ. ನೀಲಿ ತುರ್ಕಿ ಮೂಲವನ್ನು, ಕೆಂಪು ಆಧುನಿಕತೆಯ ಹಂಬಲವನ್ನು, ಹಸಿರು ಇಸ್ಲಾಮಿ ನಾಗರಿಕತೆಯನ್ನು ಸೂಚಿಸುತ್ತವೆ. ಬಣ್ಣಗಳ ಈ ಜೋಡಣೆಯ ಹಿಂದೆ ಚಿಂತಕ ಅಲಿ ಬೇ ಹುಸೇನ್‌ಜಾದೆಯ ವಿಚಾರವಿದೆ: ತುರ್ಕಿತನ, ಇಸ್ಲಾಂ, ಯುರೋಪಿನ ವಿದ್ಯೆ ಮೂರೂ ಒಂದೇ ಸಮಾಜದಲ್ಲಿ ಕೂಡಿ ಬಾಳಬಲ್ಲವು. 1918ರ ನವೆಂಬರ್ 9ರಂದು ಅಂಗೀಕೃತವಾದ ಈ ಧ್ವಜ 1920ರಲ್ಲಿ ಸೋವಿಯತ್ ಆಳ್ವಿಕೆ ಬಂದಾಗ ಇಳಿಯಿತು, 1991ರಲ್ಲಿ ಮತ್ತೆ ಏರಿತು.

1995ರ ಸಂವಿಧಾನದ ಪ್ರಕಾರ ದೇಶ ಜಾತ್ಯತೀತ. ಧರ್ಮಕ್ಕೂ ಪ್ರಭುತ್ವಕ್ಕೂ ನಂಟಿಲ್ಲ. ಹಾಗಿದ್ದರೆ ಧ್ವಜದ ಹಸಿರಿಗೆ ಏನರ್ಥ? ಒಂದು ನಾಡು ತಾನು ಬೆಳೆದುಬಂದ ಪರಂಪರೆಯನ್ನು ನೆನೆಯುವುದು ಬೇರೆ, ಪ್ರಜೆಗಳಿಂದ ನಂಬಿಕೆಯನ್ನು ಬೇಡುವುದು ಬೇರೆ. ಹಸಿರನ್ನು ಧ್ವಜಕ್ಕೆ ತಂದ, 1918–20ರ ಮೊದಲ ಅಜರ್‌ಬೈಜಾನ್ ಗಣರಾಜ್ಯವೇ ಮಹಿಳೆಯರಿಗೆ ಮತದಾನದ ಹಕ್ಕನ್ನೂ ಕೊಟ್ಟಿತ್ತು. ಆ ಹಸಿರು ಶಾಸನವಲ್ಲ, ಸ್ಮೃತಿ.

ಲಾಂಛನದ ಮಾತು ಇನ್ನೂ ಆಳದ್ದು. 1993ರಲ್ಲಿ ಅಂಗೀಕಾರವಾದ ಇದರಲ್ಲಿ ಓಕ್ ಕೊಂಬೆ ಮತ್ತು ಗೋಧಿ ತೆನೆಗಳ ಮೇಲೆ ಗುರಾಣಿಯಿದೆ. ಧ್ವಜದ ಬಣ್ಣಗಳ ನಡುವೆ ಬಿಳಿಯ ನಕ್ಷತ್ರ, ಅದರ ಎದೆಯಲ್ಲಿ ಉರಿಯುವ ಜ್ವಾಲೆ. ಜ್ವಾಲೆಯ ಬಾಗುಗಳಲ್ಲಿ ಅರಬ್ಬಿ ಲಿಪಿಯ ‘ಅಲ್ಲಾಹ್’ ಎಂಬ ಹೆಸರನ್ನು ಕಾಣುವವರು ಬಹಳ. ಜರತುಷ್ಟ್ರ ಮತದ ಅಗ್ನಿಪೂಜೆಯ ನೆನಪನ್ನು ಕಾಣುವವರೂ ಇದ್ದಾರೆ. ಇವೆರಡನ್ನೂ ಬದಿಗಿಟ್ಟು, ಅದು ಅಬ್ಶೆರಾನ್ ಪರ್ಯಾಯ ದ್ವೀಪದ ನೆಲದಿಂದ ತಾನಾಗಿ ಉರಿಯುವ ಅನಿಲವೇ ಎನ್ನಲೂಬಹುದು. ಯಾನಾರ್ ದಾಗ್ ಬೆಟ್ಟದ ಬದಿಯಲ್ಲಿ ಆ ಬೆಂಕಿ ಇಂದಿಗೂ ಕಾಣುತ್ತದೆ.

ಒಂದೇ ಬೆಂಕಿಗೆ ಹಲವು ಭಕ್ತರಿದ್ದರೆಂಬುದಕ್ಕೆ ಬಾಕು ಬಳಿಯ ಸುರಾಖಾನಿಯ ಆತೇಶ್‌ಗಾಹ್ ಎಂಬ ಅಗ್ನಿಮಂದಿರ ಸಾಕ್ಷಿ. ಈಗ ನಿಂತಿರುವ ಕಟ್ಟಡ 17–18ನೆಯ ಶತಮಾನದ್ದು. ವ್ಯಾಪಾರಕ್ಕೆ ಬಂದ ಭಾರತೀಯರು ಅದರ ಕೋಣೆಗಳ ಬಾಗಿಲ ಮೇಲೆ ಶಾಸನಗಳನ್ನು ಕೆತ್ತಿಸಿದರು. ದೇವನಾಗರಿಯಲ್ಲಿ ಗಣೇಶನಿಗೆ, ಜ್ವಾಲೆಯ ದೇವತೆ ಜ್ವಾಲಾಜಿಗೆ ವಂದನೆಗಳಿವೆ. ಗುರುಮುಖಿ ಶಾಸನಗಳೂ ಇವೆ, ಪರ್ಷಿಯನ್ ಭಾಷೆಯದೊಂದೂ ಇದೆ. ಹಿಂದೂ, ಸಿಖ್, ಪಾರಸಿ ಮೂವರೂ ಈ ಸ್ಥಳವನ್ನು ತಮ್ಮದೆಂದು ಕಂಡಿದ್ದಾರೆ. ತೈಲ, ಅನಿಲಗಳನ್ನು ಹೊರತೆಗೆದಂತೆ ನೆಲದೊಳಗಿನ ಸೆಲೆ ಬತ್ತಿ 1969ರಲ್ಲಿ ಬೆಂಕಿ ಆರಿತು; ಇಂದು ಅಲ್ಲಿ ಉರಿಯುವುದು ಕೊಳವೆಯಲ್ಲಿ ಬರುವ ಅನಿಲ. ಜ್ವಾಲೆ ಪವಿತ್ರವಾಗುವುದು ಅದರ ಮೂಲದಿಂದಲೋ, ನೋಡುವವರ ಭಕ್ತಿಯಿಂದಲೋ? ಲಾಂಛನಕ್ಕೂ ಇದೇ ಪ್ರಶ್ನೆ ಸಲ್ಲುತ್ತದೆ. ಭಕ್ತಿಯೇ ಮೂಲವೆಂದರೆ, ಒಂದೇ ಚಿಹ್ನೆಯಡಿ ಮುಸ್ಲಿಮನೂ ನಾಸ್ತಿಕನೂ ಕಪಟವಿಲ್ಲದೆ ನಿಲ್ಲಬಹುದು.

ನಕ್ಷತ್ರದ ಎಂಟು ಮೊನೆಗಳಿಗೂ ಒಂದೇ ವಿವರಣೆಯಿಲ್ಲ: ಅರಬ್ಬಿ ಲಿಪಿಯಲ್ಲಿ ಬರೆದ ದೇಶದ ಹೆಸರಿನ ಎಂಟು ಅಕ್ಷರಗಳು ಎಂಬುದೊಂದು, ತುರ್ಕಿ ಜನಾಂಗದ ಎಂಟು ಶಾಖೆಗಳು ಎಂಬುದಿನ್ನೊಂದು. ಮೂರನೆಯ ಚಿಹ್ನೆಯಾದ ರಾಷ್ಟ್ರಗೀತೆಯಲ್ಲಿ ಇಂಥ ಗೊಂದಲವಿಲ್ಲ. ಉಜೇಯಿರ್ ಹಾಜಿಬೇಯೋವ್ ಸ್ವರ ಸಂಯೋಜಿಸಿದ, 1937ರಲ್ಲಿ ಸ್ಟಾಲಿನನ ದಮನಕ್ಕೆ ಬಲಿಯಾದ ಕವಿ ಅಹ್ಮದ್ ಜವಾದ್ ಬರೆದ ಈ ಗೀತೆ 1992ರಲ್ಲಿ ಅಂಗೀಕಾರವಾಯಿತು. ಅದು ದೇವರನ್ನು ಕರೆಯುವುದಿಲ್ಲ; ತಾಯ್ನಾಡನ್ನೂ ಮೂರು ಬಣ್ಣದ ಧ್ವಜವನ್ನೂ ಹಾಡುತ್ತದೆ.